ಚದರ ಅಡಿಗೆ 2,100 ಅಂತ ಶುರುವಾದ ಮನೆ ಕೊನೆಗೆ ಎಷ್ಟಕ್ಕೆ ನಿಂತಿತು

ಗೃಹಪ್ರವೇಶ ಆಗಿ ನಾಲ್ಕು ತಿಂಗಳಾಯಿತು. ಕಾಂಟ್ರಾಕ್ಟರ್ ಲೆಕ್ಕ ಚುಕ್ತಾ ಆಗಿದ್ದು ಮಾತ್ರ ಹೋದ ವಾರ. ಅಲ್ಲಿವರೆಗೂ ಬಾಯಿ ಮುಚ್ಚಿಕೊಂಡಿದ್ದೆ, ಈಗ ಬರೆಯುತ್ತಿದ್ದೇನೆ. ಅವರ ಹೆಸರು ಹಾಕುವುದಿಲ್ಲ. ಅವರು ಕೊಟ್ಟಂಥ ಕೊಟೇಶನ್ನು ಬೆಂಗಳೂರಲ್ಲಿ ಇನ್ನೂ ಎಷ್ಟೋ ಜನ ಕೊಡುತ್ತಾರೆ, ಮನೆ ಕಟ್ಟಲು ಹೊರಟವರು ಅದನ್ನು ಹೇಗೆ ಓದಬೇಕು ಅನ್ನುವುದು ನನಗೆ ಮುಖ್ಯ.

ನಮ್ಮದು ಕೆಂಗೇರಿ ಕಡೆ 30×40 ಸೈಟು. ಕೆಳಗೊಂದು, ಮೇಲೊಂದು, ಎರಡೂ ಸೇರಿ ಪ್ಲಾನ್ ಪ್ರಕಾರ 1,900 ಚದರ ಅಡಿ, ನಮ್ಮ ಕಡೆ ಹೇಳುವ ಹಾಗೆ 19 ಚದರ. ಮೂರು ಕಡೆ ಕೊಟೇಶನ್ ತಗೊಂಡೆವು. ಒಬ್ಬರು 1,950 ಅಂದರು, ಇವರು 2,100, ಮೂರನೆಯವರು 2,450. ಕಡಿಮೆಯವರನ್ನು ನೋಡಿ ಭಯ ಆಯಿತು, ಜಾಸ್ತಿಯವರನ್ನು ನೋಡಿ ಕೈ ಹಿಂದೆ ಹೋಯಿತು, ನಡುವಿನವರಿಗೆ ಹೂಂ ಅಂದೆವು. 1,900ಕ್ಕೆ 2,100 ಅಂದರೆ 39,90,000. ಬ್ಯಾಂಕ್ ಸಾಲ, ಅಪ್ಪನ ರಿಟೈರ್‌ಮೆಂಟ್ ದುಡ್ಡು, ಹೆಂಡತಿಯ ಒಡವೆ ಲೋನು, ಎಲ್ಲ ಸೇರಿಸಿ 43 ಲಕ್ಷ ಹೊಂದಿಸಿದ್ದೆವು. ಮೂರು ಲಕ್ಷ ಮೇಲೆ ಇದೆ, ಸಾಕು ಅಂತ ಲೆಕ್ಕ.

ಕೊನೆಗೆ ಬಂದ ಬಿಲ್ಲು 57,15,900.

ಕಾಗದ ಕೈಗೆ ಬಂದಾಗ ಅಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಓದಿದರು. ಏನೂ ಮಾತಾಡಲಿಲ್ಲ. ಆ ರಾತ್ರಿ ಅಮ್ಮ ಅಡುಗೆ ಮಾಡಿದ್ದರೂ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಮೊದಲು ಒಳ್ಳೆಯದನ್ನೇ ಹೇಳುತ್ತೇನೆ, ಇಲ್ಲದಿದ್ದರೆ ಅನ್ಯಾಯ ಆಗುತ್ತದೆ. ಕೆಲಸ ಚೆನ್ನಾಗಿದೆ. ಇವರ ಮೇಸ್ತ್ರಿ ರಾಯಚೂರು ಕಡೆಯವರು, ಗೋಡೆಗೆ ತೂಗುಗುಂಡು ಬಿಟ್ಟು ನೋಡದೆ ಒಂದು ಸಾಲು ಬ್ಲಾಕ್ ಇಡುತ್ತಿರಲಿಲ್ಲ. ಮೋಲ್ಡ್ ಹಾಕಿದ ಮೇಲೆ ಸ್ಲ್ಯಾಬಿನ ಮೇಲೆ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿದ್ದರು, ಬೆಳಿಗ್ಗೆ ಆರಕ್ಕೆ ಹೋದರೂ ನೀರು ಇರುತ್ತಿತ್ತು. ಕಂಬಿ ಬಗ್ಗೆ ನನಗೆ ಅನುಮಾನ ಇತ್ತು. 12 ಎಂಎಂ ಕಂಬಿ ಒಂದು ಮೀಟರಿಗೆ 888 ಗ್ರಾಂ ತೂಗಬೇಕು (ವ್ಯಾಸವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆಜಿ ಅಂತ ಸಿಗುತ್ತದೆ, ಯಾವ ಸೈಜಿಗೂ ನಡೆಯುತ್ತದೆ). ಒಂದು ಮೀಟರ್ ತುಂಡು ಕತ್ತರಿಸಿಕೊಂಡು ನಮ್ಮ ಬೀದಿಯ ದಿನಸಿ ಅಂಗಡಿ ತಕ್ಕಡಿಯಲ್ಲಿ ಇಟ್ಟೆ. 865 ಬಂತು. ಈ ಸೈಜಿಗೆ ಶೇಕಡಾ 5ರವರೆಗೆ ವ್ಯತ್ಯಾಸಕ್ಕೆ ಅವಕಾಶ ಇದೆ, ಹಾಗಾಗಿ ಸರಿ ಇತ್ತು. ಮಾಲಿನಲ್ಲಿ ಮೋಸ ಮಾಡಲಿಲ್ಲ. ಈ ಮಳೆಗಾಲದಲ್ಲಿ ಒಂದು ಹನಿ ಸೋರಲಿಲ್ಲ.

ಎಡವಟ್ಟು ಆಗಿದ್ದೆಲ್ಲ ಕಾಗದದಲ್ಲಿ.

ಕೊಟೇಶನ್ ಇದ್ದದ್ದು ಒಂದೂವರೆ ಪುಟ. ಸಿಮೆಂಟ್ ಯಾವ ಕಂಪನಿ, ಪೇಂಟ್ ಯಾವ ಕಂಪನಿ, ನಲ್ಲಿ ಯಾವ ಕಂಪನಿ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದರು, ನಾವು ಅದನ್ನೇ ಓದಿ ಖುಷಿಪಟ್ಟೆವು. ಏನೇನು ಸೇರಿಲ್ಲ ಅನ್ನುವ ಪಟ್ಟಿ ಇರಲೇ ಇಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ನಾಲ್ಕು ಸಾಲು: ಪಾಯ 5 ಅಡಿವರೆಗೆ, ಸಂಪು ಲೀಟರಿಗೆ 20 ರೂಪಾಯಿ, ಟೈಲ್ಸ್ ಚದರ ಅಡಿಗೆ 60ರವರೆಗೆ, ಬಿಲ್ಟಪ್ ಏರಿಯಾ ಕೆಲಸ ಮುಗಿದ ಮೇಲಿನ ಅಳತೆ ಪ್ರಕಾರ. ಬಿಲ್ಲಲ್ಲಿ ಜಾಸ್ತಿಯಾದ ಹದಿನೇಳು ಲಕ್ಷದಲ್ಲಿ ಹೆಚ್ಚುಕಮ್ಮಿ ಅರ್ಧ ಈ ನಾಲ್ಕು ಸಾಲಿಂದಲೇ ಹುಟ್ಟಿತು.

ಪಾಯದ್ದು ನಾನು ಒಪ್ಪುತ್ತೇನೆ. ನಮ್ಮ ಸೈಟು ತಗ್ಗಿನಲ್ಲಿದೆ, ಯಾರೋ ಯಾವಾಗಲೋ ಮಣ್ಣು ತುಂಬಿಸಿದ್ದಾರೆ. ಐದು ಅಡಿಗೆ ಹೋದರೂ ಪ್ಲಾಸ್ಟಿಕ್ ಕವರು, ಹಳೆ ಇಟ್ಟಿಗೆ ಚೂರು ಬರುತ್ತಿತ್ತು. ಗಟ್ಟಿ ನೆಲ ಸಿಕ್ಕಿದ್ದು ಏಳೂವರೆ ಅಡಿಗೆ. 1,35,000 ಜಾಸ್ತಿ ಕೇಳಿದರು, ಅಗೆದಿದ್ದನ್ನು ಕಣ್ಣಾರೆ ಕಂಡಿದ್ದೆ, ಕೊಟ್ಟೆ. ಆದರೆ ಕೊಟೇಶನ್ ತಗೊಳ್ಳುವ ಮುಂಚೆ ಒಂದು ಗುಂಡಿ ತೋಡಿಸಿ ಮಣ್ಣು ನೋಡಿಸಿದ್ದರೆ ಇದು ಮೊದಲೇ ಗೊತ್ತಾಗುತ್ತಿತ್ತು. ಆ ಮಾತನ್ನು ಹೇಳಬೇಕಾದವರು ಅವರೇ ಅಲ್ವಾ? ಅವರು ದಿನಾ ಇದೇ ಕೆಲಸ ಮಾಡುವವರು, ನಾವು ಜೀವನದಲ್ಲಿ ಒಂದು ಸಲ ಮನೆ ಕಟ್ಟುವವರು.

ಸಂಪಿನ ಕಥೆ ಕೇಳಿ. ಬಿಲ್ಲಲ್ಲಿ 8,000 ಲೀಟರ್ ಸಂಪು, 1,60,000 ಅಂತ ಇತ್ತು. ನಾನು ಅದನ್ನು ನಂಬಿಕೊಂಡೇ ಇದ್ದೆ. ಗೃಹಪ್ರವೇಶಕ್ಕೆ ಮುಂಚಿನ ದಿನ ಒಂದು ಟ್ಯಾಂಕರ್ ನೀರು ತರಿಸಿದೆವು, 6,000 ಲೀಟರಿನದು. ಖಾಲಿ ಸಂಪು. ಪೈಪು ಬಿಟ್ಟು ಸ್ವಲ್ಪ ಹೊತ್ತಾದ ಮೇಲೆ ಟ್ಯಾಂಕರ್ ಹುಡುಗ ಕೂಗಿದ, "ಅಮ್ಮಾ, ತುಂಬ್ತು! ಇನ್ನೂ ಸಾವಿರ ಲೀಟರ್ ಹತ್ರ ಉಳಿದಿದೆ, ಪಕ್ಕದ ಮನೆಗೆ ಬಿಡ್ಲಾ?" ಅಮ್ಮ ಬಂದು ನನಗೆ ಹೇಳಿದರು. ನಾನು ಸಂಪಿನ ಮುಚ್ಚಳದ ಹತ್ತಿರ ಮಂಡಿಯೂರಿ ಕೂತು ನೋಡಿದೆ, ನೀರು ಅಂಚಿಗೆ ಬಂದು ಚೆಲ್ಲುತ್ತಿತ್ತು. ಎಂಟು ಸಾವಿರ ಹಿಡಿಯಬೇಕಾದ ಸಂಪಿಗೆ ಆರು ಸಾವಿರ ಹಿಡಿಯುತ್ತಿಲ್ಲ.

ಏನಾಗಿತ್ತು ಅಂದರೆ, ಅವರು ಹೊರಗಿನ ಅಳತೆ ಹಾಕಿದ್ದರು. ಹೊರಗೆ 8×6×6 ಅಡಿ. ಅಂದರೆ 288 ಘನ ಅಡಿ, ಒಂದು ಘನ ಅಡಿಗೆ 28.3 ಲೀಟರ್, 8,000 ದಾಟುತ್ತದೆ. ಆದರೆ ನಾಲ್ಕು ಕಡೆ ಆರು ಇಂಚು ಗೋಡೆ, ಕೆಳಗೆ ಬೆಡ್ಡು, ಮೇಲೆ ಸ್ಲ್ಯಾಬ್ ಕಳೆದರೆ ಒಳಗೆ ಉಳಿಯುವುದು 7×5×5, ಅಂದರೆ 4,950 ಲೀಟರ್. ಕಾಂಕ್ರೀಟನ್ನೂ ನೀರಿನ ಲೆಕ್ಕದಲ್ಲಿ ಮಾರಿದ್ದರು. ಲೀಟರ್ ಲೆಕ್ಕದಲ್ಲಿ ಸಂಪು ಮಾಡಿಸುವವರು ದಯವಿಟ್ಟು "ಒಳ ಅಳತೆ" ಅಂತ ಎರಡು ಪದ ಬರೆಸಿಕೊಳ್ಳಿ. ಆ ಎರಡು ಪದ ಇಲ್ಲದ್ದಕ್ಕೆ 61,000 ಹೋಗುತ್ತಿತ್ತು.

ಆಮೇಲೆ ಏರಿಯಾ. ಇದೇ ದೊಡ್ಡದು. ಪ್ಲಾನಲ್ಲಿ 1,900 ಇದ್ದದ್ದು ಬಿಲ್ಲಲ್ಲಿ 2,126 ಆಗಿತ್ತು. 226 ಅಡಿ ಜಾಸ್ತಿ, ಅಂದರೆ 4,74,600 ರೂಪಾಯಿ. ನಮ್ಮ ಭಾವ ಸಿವಿಲ್ ಡಿಪ್ಲೊಮಾ ಮಾಡಿದವರು, ತುಮಕೂರಲ್ಲಿದ್ದಾರೆ. ಫೋನ್ ಮಾಡಿದ್ದಕ್ಕೆ ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಟೇಪು ಹಿಡಿದುಕೊಂಡು ಬಂದರು. ಎರಡು ಗಂಟೆ ಅಳೆದರು, ನಾನು ಟೇಪಿನ ತುದಿ ಹಿಡಿದೆ, ನನ್ನ ಮಗಳು ನೋಟ್‌ಬುಕ್ಕಲ್ಲಿ ಬರೆದುಕೊಂಡಳು. ಬಾಲ್ಕನಿ 84, ಮೆಟ್ಟಿಲ ಮೇಲಿನ ಹೆಡ್‌ರೂಮು 92, ಉಳಿದ 50 ಅಡಿ ಎಲ್ಲಿಂದ ಬಂತು ಅಂತ ಹುಡುಕಿದರೆ ಕಿಟಕಿಗಳ ಮೇಲಿನ ಸಜ್ಜಾಗಳು! ಮಳೆ ನೀರು ಒಳಗೆ ಬಾರದಿರಲಿ ಅಂತ ಇಡುವ ಸಜ್ಜಾಗೂ ಚದರ ಅಡಿಗೆ 2,100 ಹಾಕಿದ್ದರು.

ಸಂಜೆ ಟೆರೇಸಲ್ಲಿ ಕಾಂಟ್ರಾಕ್ಟರ್ ಜೊತೆ ಮಾತುಕತೆ ಆಯಿತು.

"ಸಜ್ಜಾನೂ ಕಾಂಕ್ರೀಟೇ ಅಲ್ವಾ ಸಾರ್. ಕಂಬಿ ಹೋಗಿದೆ, ಸಿಮೆಂಟ್ ಹೋಗಿದೆ, ಸೆಂಟ್ರಿಂಗ್ ಹೊಡೆದಿದ್ದೀವಿ. ಎಲ್ಲರ ಹತ್ರಾನೂ ಹೀಗೇ ತಗೊಳ್ಳೋದು."

ಭಾವ ನಿಧಾನವಾಗಿ ಕೇಳಿದರು, "ನೋಡಿ, ಈ 2,100ರಲ್ಲಿ ಟೈಲ್ಸು, ವೈರಿಂಗು, ಪೇಂಟು, ಬಾಗಿಲು ಎಲ್ಲ ಸೇರಿದೆ ಅಂತ ನೀವೇ ಬರೆದಿದ್ದೀರ. ಸಜ್ಜಾ ಮೇಲೆ ಯಾವ ಟೈಲ್ಸ್ ಹಾಕಿದ್ದೀರ ತೋರಿಸಿ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಕೊನೆಗೆ ಸಜ್ಜಾ ಪೂರ್ತಿ ಬಿಟ್ಟರು, ಬಾಲ್ಕನಿಗೆ ಅರ್ಧ, ಹೆಡ್‌ರೂಮಿಗೆ ಪೂರ್ತಿ ಅಂತ ಆಯಿತು. 134 ಅಡಿಗೆ 2,81,400. ಹೆಡ್‌ರೂಮಿನದು ನ್ಯಾಯವೇ, ಅದಕ್ಕೂ ಗೋಡೆ ಇದೆ, ಬಾಗಿಲಿದೆ. ಬೇಜಾರು ಏನಂದರೆ ಇದನ್ನು ಗುದ್ದಲಿ ಪೂಜೆಗೆ ಮುಂಚೆ ಹತ್ತು ನಿಮಿಷದಲ್ಲಿ ಮಾತಾಡಿ ಮುಗಿಸಬಹುದಿತ್ತು.

ಟೈಲ್ಸಿನಲ್ಲೂ ಹೀಗೇ. ನಾವು 95ರ ಟೈಲ್ಸ್ ಆರಿಸಿದೆವು, ವ್ಯತ್ಯಾಸ 35 ನಮ್ಮ ಕೈಯಿಂದ, ಅದರಲ್ಲಿ ತಕರಾರಿಲ್ಲ. ಆದರೆ 35ನ್ನು 1,900ಕ್ಕೆ ಗುಣಿಸಿದ್ದರು. ಗೋಡೆ ಕೆಳಗೆ ಟೈಲ್ಸ್ ಹಾಕುವುದಿಲ್ಲವಲ್ಲ. ಅಂಗಡಿ ರಸೀತಿ ನನ್ನ ಹತ್ತಿರ ಇತ್ತು, 92 ಬಾಕ್ಸು, ಒಂದು ಬಾಕ್ಸಿಗೆ ಹದಿನೈದೂವರೆ ಅಡಿ. 1,426 ಅಡಿ ಅಷ್ಟೇ. 66,500 ಇದ್ದದ್ದು 49,910ಕ್ಕೆ ಇಳಿಯಿತು. ಕರೆಂಟ್ ಪಾಯಿಂಟುಗಳನ್ನು ಗೋಡೆ ಗೋಡೆಗೂ ಹೋಗಿ ಎಣಿಸಿದೆವು, 24 ಜಾಸ್ತಿ ಅಂದಿದ್ದರು, 17 ಸಿಕ್ಕಿತು. "ಓಡಾಟದ ಖರ್ಚು 45,000" ಅಂತ ಒಂದು ಸಾಲಿತ್ತು, ರಸೀತಿ ಇದ್ದಷ್ಟಕ್ಕೆ ಕೊಡುತ್ತೇನೆ ಅಂದೆ, 17,500ಕ್ಕೆ ರಸೀತಿ ಬಂತು.

ಕಾಂಪೌಂಡ್ 1,05,000. ಕೊಟೇಶನ್ನಲ್ಲಿ ಕಾಂಪೌಂಡ್ ಅನ್ನುವ ಪದವೇ ಇರಲಿಲ್ಲ. ಮನೆ ಅಂದಮೇಲೆ ಕಾಂಪೌಂಡ್ ಇರುತ್ತದೆ ಅಂತ ನಾವು ಅಂದುಕೊಂಡಿದ್ದೆವು. ಕಟ್ಟಿದ್ದಾರೆ, ಕೊಡಲೇಬೇಕು, ಕೊಟ್ಟೆವು. ಮಳೆ ನೀರಿನ ಇಂಗುಗುಂಡಿಯೂ ಇರಲಿಲ್ಲ. ಬೆಂಗಳೂರಲ್ಲಿ 30×40 ಮತ್ತು ಅದಕ್ಕಿಂತ ದೊಡ್ಡ ಸೈಟಲ್ಲಿ ಹೊಸ ಮನೆ ಕಟ್ಟಿದರೆ ಮಳೆ ನೀರು ಕೊಯ್ಲು ಕಡ್ಡಾಯ, ಜಲಮಂಡಳಿ ನಿಯಮ. ಅದನ್ನು ಬೇರೆಯವರಿಂದ ಮಾಡಿಸಿಕೊಂಡೆವು.

ಇನ್ನು ಜಿಎಸ್‌ಟಿ. ಬಿಲ್ಲಿನ ಕೊನೆಗೆ 18% ಅಂತ 7,18,200 ಸೇರಿಸಿದ್ದರು. ಕೊಟೇಶನ್ನಲ್ಲಿ ಅದರ ಸುದ್ದಿಯೇ ಇಲ್ಲ. ಸಾಮಾನು ಕೂಲಿ ಎರಡೂ ಸೇರಿದ ಗುತ್ತಿಗೆಗೆ 18% ಇರುವುದು ನಿಜ. ಆದರೆ ನೋಂದಣಿ ಇಲ್ಲದವರು ಗಿರಾಕಿಯಿಂದ ಜಿಎಸ್‌ಟಿ ವಸೂಲಿ ಮಾಡುವ ಹಾಗಿಲ್ಲ, ಇದು ಕಾನೂನು. ನಾನು ಕೇಳಿದ್ದು ಇಷ್ಟೇ: ನಿಮ್ಮ ಜಿಎಸ್‌ಟಿ ನಂಬರ್ ಇರುವ ಟ್ಯಾಕ್ಸ್ ಇನ್‌ವಾಯ್ಸ್ ಕೊಡಿ, ಚೆಕ್ ಬರೆಯುತ್ತೇನೆ. ಎರಡು ವಾರ ಉತ್ತರ ಇಲ್ಲ. ಮುಂದಿನ ಬಿಲ್ಲಲ್ಲಿ ಆ ಸಾಲೇ ಇರಲಿಲ್ಲ. ಏಳು ಲಕ್ಷ! ಕೇಳದೆ ಇದ್ದಿದ್ದರೆ ಕೊಟ್ಟುಬಿಡುತ್ತಿದ್ದೆವು, ಅಪ್ಪ ಆಗಲೇ ಊರಿನ ತೋಟದ ಮೇಲೆ ಸಾಲ ತೆಗೆಯುವ ಮಾತಾಡುತ್ತಿದ್ದರು. ನೀವು ಮಾತಾಡುವ ಮೊದಲ ದಿನವೇ ಕೇಳಿ, ನೋಂದಣಿ ಇದೆಯಾ, ರೇಟಿನಲ್ಲಿ ಟ್ಯಾಕ್ಸ್ ಸೇರಿದೆಯಾ ಅಂತ. ಒಂಟಿ ಮನೆಗೆ ಸಾಮಾನು ನೀವೇ ಕೊಡಿಸಿ ಬರೀ ಕೂಲಿ ಗುತ್ತಿಗೆ ಕೊಟ್ಟರೆ ಆ ಕೂಲಿಗೆ ಜಿಎಸ್‌ಟಿ ವಿನಾಯಿತಿ ಇದೆ, ಅದೂ ಗೊತ್ತಿರಲಿ.

ಎಲ್ಲ ಮುಗಿದಾಗ ಜಾಸ್ತಿ ಕೊಟ್ಟದ್ದು 7,03,110. ಒಟ್ಟು 46,93,110. ಮೊದಲ ಬಿಲ್ಲಿಗಿಂತ ಹತ್ತು ಲಕ್ಷಕ್ಕೂ ಹೆಚ್ಚು ಇಳಿಯಿತು. ಆ ರಾತ್ರಿ ನಾನು ಮೂರನೆಯವರ ಹಳೇ ಕೊಟೇಶನ್, ಆ 2,450ರದ್ದು, ಹುಡುಕಿ ತೆಗೆದು ಓದಿದೆ. ಆರು ಪುಟ. ಸಂಪು ಒಳ ಅಳತೆಯಲ್ಲಿ ಇಷ್ಟು ಲೀಟರ್, ಕಾಂಪೌಂಡ್ ಇಷ್ಟು ಅಡಿ, ಹೆಡ್‌ರೂಮು ಸೇರಿದೆ, ಸಜ್ಜಾ ಲೆಕ್ಕಕ್ಕಿಲ್ಲ, ಟ್ಯಾಕ್ಸ್ ಬೇರೆ, ಪಾಯ ಆಳ ಹೋದರೆ ಘನ ಅಡಿಗೆ ಇಷ್ಟು. ಎಲ್ಲ ಬರೆದಿದ್ದರು. ಚದರ ಅಡಿಗೆ 350 ಜಾಸ್ತಿ ಅಂತ ಅವರನ್ನು ಬಿಟ್ಟಿದ್ದೆವು. 1,900ಕ್ಕೆ 350 ಅಂದರೆ 6,65,000. ನಾವು ಜಗಳ ಆಡಿ, ನಿದ್ದೆ ಕೆಡಿಸಿಕೊಂಡು ಕೊಟ್ಟ ಎಕ್ಸ್‌ಟ್ರಾ ಸುಮಾರು ಅಷ್ಟೇ. ಪುಟ ಜಾಸ್ತಿ ಇದೆ ಅಂತ ಆವತ್ತು ನಾನು ಓದಿಯೇ ಇರಲಿಲ್ಲ, ಆ ನೋವು ಇನ್ನೂ ಇದೆ.

ನಮ್ಮನ್ನು ಕಾಪಾಡಿದ್ದು ಕೊನೆಯ ಕಂತು. 10%, ಅಂದರೆ 3,99,000 ನಮ್ಮ ಕೈಯಲ್ಲೇ ಇತ್ತು. ನಡುವೆ ಅವರು ಎರಡು ದಿನ ಪೇಂಟರ್‌ಗಳನ್ನು ಕಳಿಸದೆ ಕೆಲಸ ನಿಲ್ಲಿಸಿದಾಗ ಅದೊಂದೇ ನಮಗಿದ್ದ ಧೈರ್ಯ. ಗ್ರಾಹಕರ ಆಯೋಗದ ಬಗ್ಗೆಯೂ ವಿಚಾರಿಸಿದ್ದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ಕಟ್ಟಿಕೊಡುವುದೂ ಸೇವೆಯ ಲೆಕ್ಕಕ್ಕೆ ಬರುತ್ತದೆ, ಕೊಟ್ಟ ಮೊತ್ತ 50 ಲಕ್ಷದ ಒಳಗಿದ್ದರೆ ಜಿಲ್ಲಾ ಆಯೋಗ, ಎರಡು ವರ್ಷದ ಒಳಗೆ ಹೋಗಬೇಕು. ಹೋಗುವ ಪ್ರಸಂಗ ಬರಲಿಲ್ಲ. ಆದರೆ ಬಾಯಿಮಾತಲ್ಲಿ ಒಪ್ಪಿಕೊಂಡದ್ದನ್ನೆಲ್ಲ ಅದೇ ದಿನ ವಾಟ್ಸಾಪಲ್ಲಿ "ಇವತ್ತು ಮಾತಾಡಿದ ಹಾಗೆ" ಅಂತ ಬರೆದು ಹಾಕುತ್ತಿದ್ದೆ, ಪಾಯಿಂಟುಗಳ ವಿಷಯದಲ್ಲಿ ಅದು ಬಹಳ ಕೆಲಸಕ್ಕೆ ಬಂತು.

ಕೆಲಸಕ್ಕೆ ಐದರಲ್ಲಿ ನಾಲ್ಕು ಕೊಡುತ್ತೇನೆ, ಕೊಟೇಶನ್ನಿಗೆ ಒಂದು. ಮುಂದಿನ ವರ್ಷ ಟೆರೇಸಲ್ಲಿ ಅಪ್ಪ ಅಮ್ಮನಿಗೆ ಒಂದು ರೂಮು ಹಾಕಬೇಕು. ರಾಯಚೂರಿನ ಮೇಸ್ತ್ರಿಗೆ ಮಾತು ಕೊಟ್ಟಾಗಿದೆ, ಸಾಮಾನು ನಮ್ಮದು, ಕೂಲಿ ಅವರದ್ದು. ಮೊನ್ನೆ ಬಂದು ಟೇಪು ಹಿಡಿದು ಅಳತೆ ಮಾಡಿದರು. ಸಜ್ಜಾ ಲೆಕ್ಕಕ್ಕಿಲ್ಲ ಅಂತ ನಾನು ಹೇಳುವ ಮುಂಚೆ ಅವರೇ ಹೇಳಿದರು, ನಾನು ಬರೆದುಕೊಂಡು ಇಬ್ಬರೂ ಸಹಿ ಹಾಕಿದೆವು.