ಟೆನ್ಷನ್ ತಲೆನೋವು: ಮಾತ್ರೆಯೋ, ಸೂಜಿಯೋ?

ಹಣೆಗೆ ಬಟ್ಟೆ ಬಿಗಿದು ಕಟ್ಟಿದ ಹಾಗೆ ಎರಡೂ ಕಡೆ ಒತ್ತುವ ನೋವು, ಸಂಜೆ ಹೊತ್ತಿಗೆ ಕತ್ತೂ ಬಿಗಿ. ಅಪರೂಪಕ್ಕೆ ಬಂದರೆ ಪ್ಯಾರಾಸಿಟಮಾಲ್ ಸಾಕು. ಅಗ್ಗ, ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತದೆ, ಗಂಟೆಯೊಳಗೆ ಆರಾಮ. ಆದರೆ ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಜಾಸ್ತಿ ನುಂಗುತ್ತಾ ಹೋದರೆ ಮಾತ್ರೆಯೇ ತಲೆನೋವು ತರುತ್ತದೆ, ವಿಚಿತ್ರ ಅಲ್ವಾ?

ಅಕ್ಯುಪಂಕ್ಚರ್ ಇವತ್ತಿನ ನೋವಿಗಲ್ಲ, ಪದೇ ಪದೇ ಬರುವುದನ್ನು ತಡೆಯೋಕೆ. ಕೂದಲೆಳೆಯಷ್ಟು ಸಣ್ಣ ಸೂಜಿ ಕತ್ತು, ಭುಜ, ಕೈಗೆ ಚುಚ್ಚಿ ಇಪ್ಪತ್ತು ಮೂವತ್ತು ನಿಮಿಷ ಸುಮ್ನೆ ಮಲಗಿಸುತ್ತಾರೆ. ಇಂಜೆಕ್ಷನ್ ಥರ ನೋಯಲ್ಲ, ಜುಮ್ ಅನ್ನುತ್ತೆ. ಯಾವ ಚಿಕಿತ್ಸೆ ಕೊಡಬಹುದು ಅಂತ ಸಲಹೆ ಕೊಡುವ ಬ್ರಿಟನ್ನಿನ ಸಂಸ್ಥೆ ನೈಸ್, ಅದರ ಮಾರ್ಗಸೂಚಿ ಹೇಳೋದು 5ರಿಂದ 8 ವಾರದಲ್ಲಿ 10 ಸಲದವರೆಗೆ. ಅಂದರೆ ದುಡ್ಡು, ಓಡಾಟ ಎರಡೂ ಜಾಸ್ತಿ.

ಕೆಲಸ ಮಾಡುತ್ತಾ? ಹಲವು ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ನೋಡಿದ 2016ರ ಕಾಕ್ರೇನ್ ವಿಮರ್ಶೆಯಲ್ಲಿ, ಅಕ್ಯುಪಂಕ್ಚರ್ ಮಾಡಿಸಿಕೊಂಡ ನೂರಕ್ಕೆ 52 ಜನರಿಗೆ ತಲೆನೋವು ಬರುವುದು ಅರ್ಧಕ್ಕಿಳಿದಿತ್ತು. ಹೋಲಿಸಿ ನೋಡೋಕೆ ಅಂತ ತೋರಿಕೆಗಷ್ಟೇ ಕೊಟ್ಟ ಸುಳ್ಳು ಸೂಜಿ ಚಿಕಿತ್ಸೆ ಪಡೆದವರಲ್ಲೂ ನೂರಕ್ಕೆ 43! ಹಾಗಾಗಿ ಪವಾಡ ಅಂತ ನಾನು ಹೇಳಲ್ಲ. ವಾರಕ್ಕೆ ಮೂರ್ನಾಲ್ಕು ಸಲ ಮಾತ್ರೆ ಹುಡುಕುವವರಾದರೆ ಒಮ್ಮೆ ನೋಡಬಹುದು, ಹೊಸ ಸೂಜಿಯ ಪ್ಯಾಕೆಟ್ ನಿಮ್ಮೆದುರೇ ಒಡೆಯಲಿ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ತಿದ್ದರೆ ಮೊದಲೇ ಹೇಳಿ. ಇದ್ದಕ್ಕಿದ್ದಂತೆ ಸಿಡಿಯುವಂಥ ತಲೆನೋವು ಬಂದರೆ ಎರಡೂ ಬೇಡ, ನೇರ ಆಸ್ಪತ್ರೆಗೆ ಹೋಗಿ.