ತಾಯಿ-ಮಗುವಿನ ಆರೋಗ್ಯಕ್ಕೆ ಜಾಲತಾಣದ ಸಾಧನಗಳು: ಯಾವುದು ಎಷ್ಟು ಪ್ರಯೋಜನಕ್ಕೆ ಬರುತ್ತದೆ?

ಗರ್ಭ ನಿಂತಿರುವುದು ಖಚಿತವಾದ ಕೂಡಲೇ ಬಹುತೇಕರು ಮೊದಲು ತೆರೆಯುವುದು ಹೆರಿಗೆಯ ದಿನಾಂಕವನ್ನು ಲೆಕ್ಕ ಹಾಕಿಕೊಡುವ ಪುಟವನ್ನು. ಅಲ್ಲಿಂದ ಮುಂದೆ ಔಷಧ, ಎದೆಹಾಲು, ಮಗುವಿನ ತೂಕ, ಬಾಣಂತಿಯ ಮನಃಸ್ಥಿತಿ ಎಂದು ಒಂದೊಂದಕ್ಕೂ ಒಂದೊಂದು ಜಾಲತಾಣ ಸಿಗುತ್ತದೆ. ಇವು ಫೋನಿನಲ್ಲಿ ಜಾಗ ಕೇಳುವುದಿಲ್ಲ, ಯಾವ ಬ್ರೌಸರ್‌ನಲ್ಲಾದರೂ ತೆರೆದುಕೊಳ್ಳುತ್ತವೆ ಮತ್ತು ಹೆಚ್ಚಿನವು ಉಚಿತ. ಅಂದಚಂದವನ್ನು ಬದಿಗಿಟ್ಟು ನಾನು ಇವುಗಳಲ್ಲಿ ಮುಖ್ಯವಾಗಿ ನೋಡಿದ್ದು ಒಂದನ್ನೇ: ತಾನು ಕೊಟ್ಟ ಉತ್ತರಕ್ಕೆ ಆಧಾರವೇನು, ಆ ಉತ್ತರ ಯಾರಿಗೆ ಅನ್ವಯಿಸುವುದಿಲ್ಲ ಎಂಬುದನ್ನು ಸಾಧನವು ಬಳಕೆದಾರರಿಗೆ ತಿಳಿಸುತ್ತದೆಯೇ?

ದಿನಾಂಕದ ಪುಟಗಳಲ್ಲಿ ಹೆಚ್ಚಿನವು ಈ ಪರೀಕ್ಷೆಯಲ್ಲಿ ಸೋಲುತ್ತವೆ. ಅವುಗಳ ಹಿಂದಿರುವುದು ಹತ್ತೊಂಬತ್ತನೆಯ ಶತಮಾನದ ಜರ್ಮನ್ ಪ್ರಸೂತಿ ವೈದ್ಯ ನೇಗೆಲೆಯವರ ಹೆಸರಿನ ಸೂತ್ರ. ಕೊನೆಯ ಮುಟ್ಟಿನ ಮೊದಲ ದಿನಕ್ಕೆ 280 ದಿನಗಳನ್ನು ಕೂಡಿಸಿದರೆ ಲೆಕ್ಕ ಮುಗಿಯಿತು. ಋತುಚಕ್ರ 28 ದಿನಗಳದ್ದು, ಅಂಡೋತ್ಪತ್ತಿ ಹದಿನಾಲ್ಕನೆಯ ದಿನದ ಸುಮಾರಿಗೆ ಎಂಬ ಊಹೆ ಇದರಲ್ಲಿ ಅಡಗಿದೆ. ಮೂವತ್ತೈದು ದಿನಗಳ ಚಕ್ರವಿರುವವರಿಗೆ ಇದೇ ಲೆಕ್ಕ ಒಂದು ವಾರದಷ್ಟು ತಪ್ಪುತ್ತದೆ. 37 ವಾರಕ್ಕೆ ಮುನ್ನ ಹುಟ್ಟಿದ ಮಗುವನ್ನು ಅವಧಿಪೂರ್ವ ಶಿಶು ಎಂದು ಪರಿಗಣಿಸುವುದರಿಂದಲೂ, ದಿನ ಮೀರಿದಾಗ ನೋವು ಬರಿಸುವ ತೀರ್ಮಾನ ಇದೇ ಲೆಕ್ಕದ ಮೇಲೆ ನಿಲ್ಲುವುದರಿಂದಲೂ ಈ ಒಂದು ವಾರ ಸಣ್ಣ ವಿಷಯವಲ್ಲ. ಚಕ್ರದ ಅವಧಿಯನ್ನು ಕೇಳುವ, ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನ್ ಬೇರೆ ದಿನಾಂಕ ತೋರಿಸಿದರೆ ವೈದ್ಯರೊಂದಿಗೆ ಮಾತಾಡಿ ಎಂದು ಸೂಚಿಸುವ ಪುಟವನ್ನು ಆರಿಸಿಕೊಳ್ಳುವುದು ಒಳ್ಳೆಯದು. ಸರಿಯಾಗಿ ಆ ದಿನವೇ ಹುಟ್ಟುವ ಮಕ್ಕಳು ಬಹಳ ಕಡಿಮೆ ಎಂಬ ಒಂದು ಸಾಲನ್ನೂ ಸೇರಿಸಿದರೆ ಎಷ್ಟೋ ಮನೆಗಳ ಆತಂಕ ತಗ್ಗೀತು.

ಹಾಲೂಡಿಸುವ ತಾಯಂದಿರು ಔಷಧಗಳ ಬಗ್ಗೆ ತಿಳಿಯಲು ಇರುವ ಎರಡು ತಾಣಗಳು ಇಡೀ ಕ್ಷೇತ್ರದಲ್ಲೇ ನನಗೆ ಹೆಚ್ಚು ಮೆಚ್ಚುಗೆಯಾದವು. 2006ರಲ್ಲಿ ಆರಂಭವಾದ ಲ್ಯಾಕ್ಟ್‌ಮೆಡ್ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ತಾಣದಲ್ಲಿ ಸಿಗುತ್ತದೆ. ಐಬುಪ್ರೊಫೇನ್ ಎಂದು ಹುಡುಕಿ ನೋಡಿ: ಮೇಲೆ ಸಾರಾಂಶವಿರುತ್ತದೆ, ಅದರ ಕೆಳಗೆ ಎದೆಹಾಲಿನಲ್ಲಿ ಔಷಧ ಎಷ್ಟು ಪ್ರಮಾಣದಲ್ಲಿ ಕಂಡುಬಂದಿದೆ, ಮಗುವಿನ ಮೇಲೆ ಏನಾದರೂ ಪರಿಣಾಮ ವರದಿಯಾಗಿದೆಯೇ, ಹಾಲಿನ ಉತ್ಪತ್ತಿಗೆ ತೊಂದರೆಯಿದೆಯೇ ಎಂಬ ವಿವರಗಳು, ಕೊನೆಯಲ್ಲಿ ಆಧಾರವಾದ ಅಧ್ಯಯನಗಳು ಇರುತ್ತವೆ. ಹಾಲಿಗೆ ಸೇರುವ ಪ್ರಮಾಣ ಅತ್ಯಲ್ಪ, ಮಕ್ಕಳಿಗೆ ನೇರವಾಗಿ ಕೊಡುವ ಪ್ರಮಾಣ ಅದಕ್ಕಿಂತ ಎಷ್ಟೋ ಹೆಚ್ಚು, ಆದ್ದರಿಂದ ಬಾಣಂತಿಯ ನೋವಿಗೆ ಇದು ಸೂಕ್ತ ಆಯ್ಕೆ ಎಂದು ಕಾರಣಸಹಿತ ಹೇಳುವ ರೀತಿ ಮಾದರಿಯಾದದ್ದು. ಕೊಡೀನ್ ಎಂಬ ನೋವುನಿವಾರಕವನ್ನು ಹುಡುಕಿದರೆ ಧಾಟಿ ಬದಲಾಗುತ್ತದೆ. ಕೆಲವರ ದೇಹ ಆ ಔಷಧವನ್ನು ಬಹುಬೇಗ ಮಾರ್ಫಿನ್ ಆಗಿ ಪರಿವರ್ತಿಸುವುದರಿಂದ ಮಗುವಿಗೆ ಅಪಾಯ ಉಂಟಾಗಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೂ 2017ರಲ್ಲಿ ಇದೇ ಕಾರಣಕ್ಕೆ ಎಚ್ಚರಿಕೆ ನೀಡಿತು. ಲ್ಯಾಕ್ಟ್‌ಮೆಡ್‌ನ ಕೊರತೆಯೆಂದರೆ ಅದರ ಭಾಷೆ. ಅದು ವೈದ್ಯರಿಗಾಗಿ ಬರೆದದ್ದು, ನಡುರಾತ್ರಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಓದುವಂಥದ್ದಲ್ಲ.

ಆ ಕೊರತೆಯನ್ನು ತುಂಬುವುದು ಸ್ಪೇನ್‌ನ ಎಪಿಲಾಮ್ ಸಂಘ ನಡೆಸುವ ಇ-ಲ್ಯಾಕ್ಟಾನ್ಸಿಯಾ. ಔಷಧದ ಹೆಸರು ಬರೆದರೆ ಅತಿ ಕಡಿಮೆ ಅಪಾಯದಿಂದ ಅತಿ ಹೆಚ್ಚು ಅಪಾಯದವರೆಗಿನ ನಾಲ್ಕು ಹಂತಗಳಲ್ಲಿ ಒಂದನ್ನು ಬಣ್ಣದೊಂದಿಗೆ ತೋರಿಸಿ, ಅಪಾಯವಿದ್ದಲ್ಲಿ ಬದಲಿ ಔಷಧಗಳನ್ನೂ ಸೂಚಿಸುತ್ತದೆ. ಬಣ್ಣ ನೋಡಿ ಮುಂದೆ ಓದದಿರುವ ಅಭ್ಯಾಸ ಬೆಳೆಯಬಹುದು ಎಂಬುದೊಂದೇ ನನ್ನ ಆಕ್ಷೇಪ. ಇಂಗ್ಲಿಷ್ ಅಥವಾ ಸ್ಪ್ಯಾನಿಷ್ ಬಾರದವರಿಗೆ ಇದೂ ದೂರವೇ. ಹಾಗಿದ್ದರೂ, ಮಾತ್ರೆ ನುಂಗಬೇಕಾಗಿದೆ ಎಂಬ ಒಂದೇ ಕಾರಣಕ್ಕೆ ಹಾಲು ಬಿಡಿಸುವಷ್ಟು ಅವಸರ ಮಾಡುವವರು ಇವೆರಡರಲ್ಲಿ ಒಂದನ್ನು ನೋಡಿ, ವೈದ್ಯರೊಂದಿಗೆ ಚರ್ಚಿಸುವುದು ಲೇಸು.

ಇನ್ನು ಬೆಳವಣಿಗೆಯ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಮಾನದಂಡಗಳಿಗೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್ ಮತ್ತು ಅಮೆರಿಕದ ಮಕ್ಕಳ ಅಳತೆಗಳು ಆಧಾರ. ಎದೆಹಾಲು ಕುಡಿದು, ಅನುಕೂಲಕರ ಪರಿಸರದಲ್ಲಿ ಬೆಳೆದ ಮಕ್ಕಳನ್ನು ಆರಿಸಿಕೊಂಡದ್ದರಿಂದ, ಮಗು ಹೇಗೆ ಬೆಳೆಯಬೇಕು ಎಂಬುದನ್ನು ಅವು ತೋರಿಸುತ್ತವೆ. ವಯಸ್ಸು, ತೂಕ, ಉದ್ದ ಕೊಟ್ಟರೆ ಪರ್ಸೆಂಟೈಲ್ (ಅದೇ ವಯಸ್ಸಿನ ನೂರು ಮಕ್ಕಳಲ್ಲಿ ಎಷ್ಟು ಮಕ್ಕಳ ಅಳತೆ ಈ ಮಗುವಿಗಿಂತ ಕಡಿಮೆ ಎಂಬ ಅಂಕಿ) ಹೇಳುವ ತಾಣಗಳು ಹೇರಳವಾಗಿವೆ, ಆದರೆ ಯಾವ ಪಟ್ಟಿಯನ್ನು ಬಳಸಿದ್ದೇವೆ ಎಂದು ಹೇಳದವೂ ಅವುಗಳಲ್ಲಿ ಇವೆ. ಅದಕ್ಕಿಂತ ದೊಡ್ಡ ದೋಷ ಅವಧಿಪೂರ್ವ ಶಿಶುಗಳ ವಿಷಯದಲ್ಲಿ ಕಾಣುತ್ತದೆ. 32 ವಾರಕ್ಕೆ ಹುಟ್ಟಿದ ಗಂಡು ಮಗುವಿಗೆ ಈಗ ನಾಲ್ಕು ತಿಂಗಳು, ತೂಕ 5.6 ಕಿಲೋ ಎಂದುಕೊಳ್ಳಿ. ಹುಟ್ಟಿದ ದಿನದಿಂದ ಎಣಿಸಿದರೆ ನಾಲ್ಕು ತಿಂಗಳ ಗಂಡು ಮಗುವಿನ ಮಧ್ಯಮ ತೂಕ 7 ಕಿಲೋ ಆದ್ದರಿಂದ ಈ ಮಗು ಪಟ್ಟಿಯ ತಳದ ಅಂಚಿನಲ್ಲಿದೆ. ಎಂಟು ವಾರ ಮುಂಚೆ ಹುಟ್ಟಿದ್ದನ್ನು ಕಳೆದು, ತಿದ್ದಿದ ವಯಸ್ಸು ಎರಡು ತಿಂಗಳು ಎಂದಿಟ್ಟುಕೊಂಡರೆ ಅದೇ 5.6 ಕಿಲೋ ಮಧ್ಯದ ಗೆರೆಯ ಮೇಲೆಯೇ ಬೀಳುತ್ತದೆ! ಎಷ್ಟನೆಯ ವಾರದಲ್ಲಿ ಹೆರಿಗೆಯಾಯಿತು ಎಂದು ಕೇಳದ ತಾಣವನ್ನು ಅಂಥ ಮಗುವಿನ ಪೋಷಕರು ಬಳಸಲೇಬಾರದು. ಪೆಡಿಟೂಲ್ಸ್‌ನಂತಹ ತಾಣದಲ್ಲಿ ಅವಧಿಪೂರ್ವ ಶಿಶುಗಳಿಗೆಂದೇ ಇರುವ ಫೆಂಟನ್ ಪಟ್ಟಿಯೂ ಸಿಗುತ್ತದೆ, ಆದರೆ ಯಾವಾಗ ಯಾವ ಪಟ್ಟಿ ಎಂಬ ತಿಳಿವಳಿಕೆ ಬಳಸುವವರಿಗೆ ಮೊದಲೇ ಇರಬೇಕಾಗುತ್ತದೆ. ಒಂದು ದಿನದ ಅಂಕಿಗಿಂತ ತಿಂಗಳುಗಟ್ಟಲೆ ಮಗು ಸಾಗಿದ ಗೆರೆ ಮುಖ್ಯ. ಹಿಂದಿನ ಅಳತೆಗಳನ್ನು ಉಳಿಸಿ ಗೆರೆ ಎಳೆದು ತೋರಿಸದ ಸಾಧನಕ್ಕೆ ಅರ್ಧ ಅಂಕವಷ್ಟೇ ಕೊಡಬಹುದು.

ಮಗುವಿನ ಒದೆತಗಳನ್ನು ಎಣಿಸುವ ಪುಟಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಚಲನೆ ಕಡಿಮೆಯಾಗಿದೆ ಅನ್ನಿಸಿದರೆ ಎಣಿಕೆ ಬಿಟ್ಟು ಕೂಡಲೇ ಆಸ್ಪತ್ರೆಗೆ ಹೋಗಬೇಕೆಂದು ಅವು ದಪ್ಪಕ್ಷರದಲ್ಲಿ ಹೇಳಿದರೆ ಸಾಕು.

ಬಾಣಂತಿಯ ಖಿನ್ನತೆಯನ್ನು ಗುರುತಿಸುವ ಎಡಿನ್‌ಬರೋ ಮಾಪಕ 1987ರಲ್ಲಿ ಪ್ರಕಟವಾದದ್ದು: ಕಳೆದ ಏಳು ದಿನಗಳ ಬಗ್ಗೆ ಹತ್ತು ಪ್ರಶ್ನೆಗಳು, ಒಟ್ಟು 30 ಅಂಕಗಳು. ಪರದೆಯ ಮೇಲೆ ಒಬ್ಬರೇ ಕುಳಿತು ಉತ್ತರಿಸುವಾಗ ಎದುರಿಗೆ ಕೂತವರ ಮುಂದೆ ಇರುವಷ್ಟು ಸಂಕೋಚ ಇರುವುದಿಲ್ಲವಾದ್ದರಿಂದ ಜಾಲತಾಣಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಅದು ರೋಗನಿರ್ಣಯವಲ್ಲ, ಹೆಚ್ಚಿನ ತಪಾಸಣೆ ಬೇಕೇ ಎಂಬುದರ ಸೂಚನೆ ಮಾತ್ರ. ಹತ್ತನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಕುರಿತದ್ದು. ಅದಕ್ಕೆ ಹೌದು ಎಂಬರ್ಥದ ಉತ್ತರ ಬಂದರೆ ಒಟ್ಟು ಅಂಕ ಎಷ್ಟು ಕಡಿಮೆಯಿದ್ದರೂ ತಕ್ಷಣ ನೆರವು ಬೇಕು. ಮೊತ್ತವನ್ನಷ್ಟೇ ಕೂಡಿಸಿ, ‘ನಿಮಗೆ ಖಿನ್ನತೆಯ ಸಾಧ್ಯತೆ ಕಡಿಮೆ’ ಎಂದು ಹಸಿರು ಬಣ್ಣದಲ್ಲಿ ತೋರಿಸಿ ಮುಗಿಸುವ ಪುಟ ಇಲ್ಲದಿರುವುದೇ ಮೇಲು.

ಇದರ ಜೊತೆಗೆ ಖಾಸಗಿತನವನ್ನೂ ಗಮನಿಸಬೇಕು. ದಿನಾಂಕ, ಪರ್ಸೆಂಟೈಲ್, ಅಂಕ, ಇವೆಲ್ಲವೂ ಬ್ರೌಸರ್‌ನೊಳಗೇ ಮುಗಿಸಬಹುದಾದ ಸರಳ ಲೆಕ್ಕಗಳು. ಆದ್ದರಿಂದ ಫಲಿತಾಂಶ ತೋರಿಸುವ ಮೊದಲು ಫೋನ್ ಸಂಖ್ಯೆಯನ್ನೋ ಇಮೇಲನ್ನೋ ಕೇಳುವ ತಾಣಕ್ಕೆ ಆರೋಗ್ಯದ ದೃಷ್ಟಿಯಿಂದ ಯಾವ ಅಗತ್ಯವೂ ಇರುವುದಿಲ್ಲ. ಅಂಥ ಪುಟವನ್ನು ಅಲ್ಲಿಗೇ ಮುಚ್ಚಿ, ಏನನ್ನೂ ಕೇಳದ ಇನ್ನೊಂದನ್ನು ತೆರೆಯಬಹುದು.