ಗುಜರಿಯಲ್ಲಿ ಸಿಕ್ಕ ರೆಕಾರ್ಡ್ ವೈಸ್: ತುಕ್ಕು ಬಿಡಿಸಿ ಬೆಂಚಿಗೆ ಕೂರಿಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಮನೆಯಲ್ಲಿ ಚಿಕ್ಕ ವರ್ಕ್‌ಶಾಪ್ ಇಟ್ಟುಕೊಂಡವರು ಅಗ್ಗದ ಹೊಸ ವೈಸ್‌ಗೆ (ಕೆಲಸದ ವಸ್ತುವನ್ನು ಎರಡು ದವಡೆ ನಡುವೆ ಬಿಗಿಯಾಗಿ ಹಿಡಿಯುವ ಸಾಧನ) ದುಡ್ಡು ಹಾಕುವ ಮುಂಚೆ ಒಂದು ಸಲ ಗುಜರಿ ಅಂಗಡಿ ಸುತ್ತಿ ಬನ್ನಿ. ನನಗೆ ಬೆಂಗಳೂರಿನ ಎಸ್‌ಜೆಪಿ ರಸ್ತೆ ಕಡೆ ಸಿಕ್ಕಿದ್ದು ರೆಕಾರ್ಡ್ ಬ್ರ್ಯಾಂಡಿನ ನಂಬರ್ 3. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಸಿ ಅಂಡ್ ಜೆ ಹ್ಯಾಂಪ್ಟನ್ ಕಂಪನಿ ಮಾಡುತ್ತಿದ್ದ 4 ಇಂಚಿನ ವೈಸ್ ಇದು. ಮೇಲೆಲ್ಲ ತುಕ್ಕು, ಸಂದಿಯಲ್ಲಿ ಗಟ್ಟಿಯಾದ ಗ್ರೀಸ್, ಅಲ್ಲಲ್ಲಿ ಹಳೇ ನೀಲಿ ಬಣ್ಣ.

ತುಕ್ಕು ನೋಡಿ ಹೆದರಬೇಡಿ. ಹೆದರಬೇಕಾದ್ದು ಬಿರುಕಿಗೆ. ಮೈಯೆಲ್ಲ ಬೀಡು ಕಬ್ಬಿಣ, ಯಾರಾದರೂ ಹ್ಯಾಂಡಲ್‌ಗೆ ಪೈಪ್ ತೂರಿಸಿ ಬಿಗಿ ಮಾಡಿದ್ದರೆ ಎಲ್ಲೋ ಸೀಳಿರುತ್ತದೆ, ಆಮೇಲೆ ಬೆಸುಗೆ ಹಾಕಿ ಬಣ್ಣ ಬಳಿದು ಮುಚ್ಚಿರುತ್ತಾರೆ. ಪೂರ್ತಿ ಬಾಯಿ ತೆರೆಸಿ ಸ್ಕ್ರೂನ ಥ್ರೆಡ್ ನೋಡಿ. ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿ, ಗಟ್ಟಿ ಇದ್ದರೆ ಠಣ್ ಅನ್ನುತ್ತದೆ, ಸೀಳಿದ್ದರೆ ಮಂದ ಸದ್ದು ಬರುತ್ತದೆ. ಆಮೇಲೆ ಬಾಯಿ ಮುಚ್ಚಿ ಎರಡೂ ತುದಿಯಲ್ಲಿ ಕಾಗದದ ಚೂರು ಸಿಕ್ಕಿಸಿ ಎಳೆಯಿರಿ. ಒಂದು ಕಡೆ ಸಲೀಸಾಗಿ ಬಂದರೆ ದವಡೆ ಸವೆದಿದೆ ಅಂತ ಲೆಕ್ಕ. ಅಂಗಡಿಯವರು ಗೊಣಗುತ್ತಾರೆ, ಗೊಣಗಲಿ ಬಿಡಿ.

ಬಿಚ್ಚೋದು ಸುಲಭ. ಸ್ಕ್ರೂನಲ್ಲಿ ಒಂದು ಸ್ಪ್ರಿಂಗ್, ವಾಷರ್, ಸ್ಪ್ಲಿಟ್ ಪಿನ್ ಇರುತ್ತವೆ, ಹ್ಯಾಂಡಲ್ ಸಡಿಲ ಮಾಡಿದಾಗ ಮುಂದಿನ ದವಡೆ ಸ್ಕ್ರೂ ಜೊತೆಗೇ ಹೊರಗೆ ಬರೋದು ಇವುಗಳಿಂದ. ಗುಜರಿ ಮಾಲಿನಲ್ಲಿ ಈ ಪಿನ್ ಕಾಣೆಯಾಗಿರೋದೇ ಜಾಸ್ತಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಚಿಲ್ಲರೆ ದುಡ್ಡಿಗೆ ಸಿಗುತ್ತದೆ. ಕಷ್ಟ ಕೊಟ್ಟಿದ್ದು ದವಡೆಯ ಉಕ್ಕಿನ ಪಟ್ಟಿ ಹಿಡಿದಿದ್ದ ಸ್ಕ್ರೂಗಳು. ಸೀಮೆಎಣ್ಣೆ ಹಾಕಿ ರಾತ್ರಿಯಿಡೀ ನೆನೆಸಿ, ಬಿಸಿ ಮಾಡಿ, ಇಂಪ್ಯಾಕ್ಟ್ ಸ್ಕ್ರೂಡ್ರೈವರ್‌ಗೆ (ಸುತ್ತಿಗೆ ಪೆಟ್ಟು ಬಿದ್ದಾಗ ತಿರುಗುವಂಥದ್ದು) ಹೊಡೆದಾಗ ಕಿರ್ರ್ ಅಂತ ಬಿಟ್ಟುಕೊಂಡವು.

ತುಕ್ಕಿಗೆ ವಿದ್ಯುತ್ ದಾರಿಯೇ ಚೆನ್ನ. ಬಕೆಟ್ ನೀರಿಗೆ ವಾಷಿಂಗ್ ಸೋಡಾ, ಹಳೇ 12 ವೋಲ್ಟ್ ಬ್ಯಾಟರಿ ಚಾರ್ಜರ್. ನೆಗೆಟಿವ್ ನೀರಲ್ಲಿ ಮುಳುಗಿಸಿದ ವೈಸ್‌ಗೆ, ಪಾಸಿಟಿವ್ ಬೇಡದ ಕಬ್ಬಿಣದ ತುಂಡಿಗೆ. ಉಲ್ಟಾ ಕೊಟ್ಟರೆ ವೈಸೇ ಸವೆಯುತ್ತದೆ. ಆ ತುಂಡು ಸ್ಟೀಲ್ ಚಮಚ, ತಟ್ಟೆ ಆಗಬಾರದು, ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿರುವ ಕ್ರೋಮಿಯಂ ನೀರಿಗೆ ವಿಷವಾಗಿ ಇಳಿಯುತ್ತದೆ. ಹೈಡ್ರೋಜನ್ ಅನಿಲ ಬರುವುದರಿಂದ ಬಯಲಲ್ಲೇ ಮಾಡಿ, ಹತ್ತಿರ ಬೆಂಕಿ ಬೇಡ. ಹೊರಗೆ ತೆಗೆದಾಗ ಕಪ್ಪು ಮಸಿ ಅಂಟಿರುತ್ತದೆ, ತಂತಿ ಬ್ರಷ್‌ನಲ್ಲಿ ಉಜ್ಜಿದರೆ ಹೋಯಿತು. ತಕ್ಷಣ ಒರೆಸಿ ಒಣಗಿಸಿ ಎಣ್ಣೆ ಹಚ್ಚಿ, ಇಲ್ಲಾಂದ್ರೆ ಕಣ್ಣೆದುರೇ ಕಂದು ಬಣ್ಣ ತಿರುಗುತ್ತದೆ. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಒಣಗಿದ್ದಾಗ ಎಮರಿ ಕಾಗದ ಉಜ್ಜಿ ಧೂಳು ಎಬ್ಬಿಸಬೇಡಿ.

ಹೊಸ ಬಣ್ಣ ನಾನು ಹೊಡೆಯಲಿಲ್ಲ. ಅದನ್ನು ಷೋಕೇಸಿಗೆ ಇಡೋದಲ್ವಲ್ಲ. ಸ್ಕ್ರೂಗೆ ಲೀಥಿಯಂ ಗ್ರೀಸ್, ಮೈಗೆ ಎಣ್ಣೆ, ಅಷ್ಟೇ.

ಕೆಲಸಕ್ಕೆ ಹೇಗಿದೆ ಅಂದ್ರೆ, ಈಗ ಎರಡು ಬೆರಳಲ್ಲಿ ಹ್ಯಾಂಡಲ್ ತಿರುಗುತ್ತದೆ. ಮೊದಲಿದ್ದ ಹೊಸ ಅಗ್ಗದ ವೈಸ್‌ನಲ್ಲಿ (ಹೆಸರು ಬೇಡ ಬಿಡಿ) ಪಟ್ಟಿ ಹಿಡಿದು ಅರ ಹಾಕಿದರೆ ದವಡೆ ಮೇಲೆದ್ದು ವಸ್ತು ವಾಲುತ್ತಿತ್ತು, ಇದರಲ್ಲಿ ಅಲ್ಲಾಡೋದಿಲ್ಲ. ಕೂರಿಸುವಾಗ ಒಳದವಡೆ (ಕದಲದೆ ನಿಲ್ಲುವ ದವಡೆ) ಬೆಂಚಿನ ಅಂಚಿನಿಂದ ಒಂದು ಚೂರು ಹೊರಗಿರಲಿ, ಆಗ ಉದ್ದ ಸರಳನ್ನೂ ನೆಟ್ಟಗೆ ನಿಲ್ಲಿಸಿ ಹಿಡಿಯಬಹುದು. ಎತ್ತರ ನಿಮ್ಮ ಮೊಣಕೈ ಮಟ್ಟಕ್ಕೆ.

ಕೊರತೆ ಇಲ್ಲ ಅಂತಲ್ಲ. ಬುಡ ತಿರುಗೋದಿಲ್ಲ. ಒಳ್ಳೇ ಭಾರ, ತೆಳು ಪ್ಲೈವುಡ್ ಬೆಂಚ್ ಆಗಲ್ಲ. ದವಡೆಯ ಹಲ್ಲು ಹಿತ್ತಾಳೆ, ಮರ ಎಲ್ಲದರ ಮೇಲೂ ಗುರುತು ಬೀಳಿಸುತ್ತದೆ, ಅಲ್ಯೂಮಿನಿಯಂ ಆಂಗಲ್ ಎರಡು ತುಂಡು ಕತ್ತರಿಸಿ ಮೇಲೆ ಇಟ್ಟುಕೊಳ್ಳಿ. ಬರೀ ಮರಗೆಲಸ ಮಾಡುವವರಿಗೆ ಇದು ಬೇಡ, ಅವರು ಇದೇ ಕಂಪನಿಯ ಮರಗೆಲಸದ ವೈಸ್, ನಂಬರ್ 52 ಹುಡುಕಲಿ. ಇನ್ನು ರೇಟು: ಅಂಗಡಿಯವರು ಇಂಗ್ಲೆಂಡ್ ಮಾಲು ಅಂತ ಶುರು ಮಾಡುತ್ತಾರೆ, ನೀವು ಕಬ್ಬಿಣದ ತೂಕದಿಂದ ಶುರು ಮಾಡಿ.